ಅಡುಗೆ ಯಾರದು? ಸಹಭೋಜನ, ಆಹಾರ ಮೇಳ ಮತ್ತು ಒಲೆಯ ಮುಂದಿನ ಜಾಗ

ಮಂಡ್ಯದಲ್ಲಿ 2024ರ ಡಿಸೆಂಬರ್ 20ರಿಂದ 22ರವರೆಗೆ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಎಷ್ಟು ಗೋಷ್ಠಿಗಳಾದವು, ಯಾವ ನಿರ್ಣಯಗಳು ಅಂಗೀಕಾರವಾದವು ಎಂಬುದನ್ನು ಇವತ್ತು ಹೇಳಬಲ್ಲವರು ಕಡಿಮೆ. ಆದರೆ ಅಲ್ಲಿನ ಊಟದ ಬಗ್ಗೆ ಎದ್ದ ಜಗಳವನ್ನು ಮರೆತವರು ಇಲ್ಲ. ಮಳಿಗೆಗಳಲ್ಲಿ ಮದ್ಯ ಮತ್ತು ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ನಿಷೇಧದ ಸಾಲಿಗೆ ಸೇರಿಸಿದ ಸೂಚನೆಯೊಂದು ಸಮ್ಮೇಳನಕ್ಕೆ ಮುಂಚೆ ಹೊರಬಿದ್ದಾಗ, ಮಂಡ್ಯದ ಪ್ರಗತಿಪರ ಸಂಘಟನೆಗಳವರು ನಮ್ಮ ಜಿಲ್ಲೆಯ ಬಾಡೂಟ ಯಾವಾಗಿನಿಂದ ದುಶ್ಚಟವಾಯಿತು ಎಂದು ಕೇಳಿದರು, ಅತಿಥಿಗಳಿಗೆ ಬಾಡೂಟವನ್ನೂ ಬಡಿಸಬೇಕೆಂದು ಒತ್ತಾಯಿಸಿದರು, ಕೊನೆಗೆ ತಾವೇ ಮಾಂಸದೂಟ ತಂದು ಹಂಚಲು ಮುಂದಾದರು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ನಡೆಸಿಕೊಂಡು ಬಂದ ಈ ನುಡಿಹಬ್ಬದಲ್ಲಿ ಊಟವೇ ಒಂದು ಗೋಷ್ಠಿಯ ವಿಷಯದಂತೆ ಚರ್ಚೆಗೆ ಬಂದದ್ದು ಬಹುಶಃ ಅದೇ ಮೊದಲು.

ಆ ಚರ್ಚೆಯನ್ನು ಬಹಳ ಜನ ಸಸ್ಯಾಹಾರ ಮತ್ತು ಮಾಂಸಾಹಾರದ ನಡುವಿನ ರುಚಿಯ ತಕರಾರೆಂದು ತಿಳಿದರು. ಲಕ್ಷಾಂತರ ಜನ ಸೇರುವ ಕಡೆ ಸಸ್ಯಾಹಾರವೇ ಅನುಕೂಲ, ಅದನ್ನು ಎಲ್ಲರೂ ತಿನ್ನಬಹುದು, ಮಾಂಸ ಬೇಕಾದವರು ಹೊರಗೆ ಹೋಟೆಲಿನಲ್ಲಿ ತಿನ್ನಲಿ ಎಂಬ ವಾದವೂ ಬಂತು. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ, ದೊಡ್ಡ ಸಂತೆಯಂಥ ಸಮಾರಂಭದಲ್ಲಿ ಅಡುಗೆ ಕೆಡದಂತೆ ನೋಡಿಕೊಳ್ಳುವುದು ಕಷ್ಟದ ಕೆಲಸವೇ. ಆದರೆ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರ ಪೈಕಿ ಸಸ್ಯಾಹಾರಿಗಳು ಶೇ 21ರಷ್ಟು ಮಾತ್ರ. ಐವರಲ್ಲಿ ನಾಲ್ವರ ಮನೆಯ ಹಬ್ಬದಡುಗೆ ನಾಡಹಬ್ಬದ ಅಡುಗೆಯಾಗಲು ಯೋಗ್ಯವಲ್ಲ ಎಂದಾದರೆ, ಆ ಯೋಗ್ಯತೆಯನ್ನು ನಿರ್ಧರಿಸಿದ್ದು ಯಾವ ಮನೆಯ ಒಲೆ ಎಂಬ ಪ್ರಶ್ನೆ ಏಳಲೇಬೇಕು. ಮಂಡ್ಯದಲ್ಲಿ ಎದ್ದದ್ದು ಆ ಪ್ರಶ್ನೆ. ಅದು ನಾಲಿಗೆಯ ಚಪಲದಿಂದ ಎದ್ದದ್ದಲ್ಲ.

ಆಹಾರ, ಪರಂಪರೆ ಮತ್ತು ಸಾಮಾಜಿಕ ನ್ಯಾಯ ಮೂರನ್ನೂ ಒಂದೇ ಚಪ್ಪರದಡಿ ತರುವ ಕಾರ್ಯಕ್ರಮಗಳು ಈಗ ನಮ್ಮಲ್ಲಿ ಹೆಚ್ಚುತ್ತಿವೆ. ಅಂಬೇಡ್ಕರ್ ಜಯಂತಿಯ ಸಹಭೋಜನ, ಸಿರಿಧಾನ್ಯ ಮೇಳ, ಗೆಡ್ಡೆಗೆಣಸು ಮೇಳ, ದೇಸಿ ಬಿತ್ತನೆ ಬೀಜದ ಉತ್ಸವ, ಕರಾವಳಿಯ ಆಟಿ ತಿಂಗಳ ಊಟ ಇವೆಲ್ಲ ಈ ಬಗೆಯವೇ. ಇವನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಯಾರು ಯಾರ ಪಕ್ಕ ಕುಳಿತು ಉಂಡರು ಎಂದು ನೋಡುತ್ತೇವೆ. ಅಷ್ಟು ನೋಡಿದರೆ ಸಾಲದು, ಅಟ್ಟವರು ಯಾರು, ಅಟ್ಟಿದ್ದು ಯಾರ ಮನೆಯ ಅಡುಗೆ ಎಂಬುದನ್ನೂ ಕೇಳಬೇಕು ಎನ್ನುವುದು ನನ್ನ ವಾದ. ಪಂಕ್ತಿಯಲ್ಲಿ ಜಾಗ ಸಿಕ್ಕರೂ ಒಲೆಯ ಮುಂದೆ ಜಾಗ ಸಿಗದವರ ಕಥೆ ಇನ್ನೂ ಮುಗಿದಿಲ್ಲ.

ಇದು ನನಗೆ ಮನದಟ್ಟಾದದ್ದು ಹಳೆ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ. ಏಪ್ರಿಲ್ ತಿಂಗಳ ಸಹಭೋಜನ. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು, ಮುತ್ತುಗದ ಎಲೆಗಳ ಕಟ್ಟು ಬಂದಿತ್ತು, ವೇದಿಕೆಯ ಮೇಲೆ ಸಮಾನತೆಯ ಬಗ್ಗೆ ಒಳ್ಳೆಯ ಮಾತುಗಳೇ ನಡೆದಿದ್ದವು. ಹಿಂದುಗಡೆ ಹುಣಸೆಮರದ ಕೆಳಗೆ ಕೇರಿಯ ಏಳೆಂಟು ಹೆಂಗಸರು ಕುಳಿತು ಈರುಳ್ಳಿ ಸುಲಿಯುತ್ತಿದ್ದರು, ಬದನೆಕಾಯಿ ಹೆಚ್ಚುತ್ತಿದ್ದರು. ಹೆಚ್ಚಿದ್ದನ್ನು ಬುಟ್ಟಿಗೆ ತುಂಬಿ ಒಲೆಯಿಂದ ನಾಲ್ಕು ಮಾರು ದೂರದಲ್ಲಿ ಇಟ್ಟು ಬರುತ್ತಿದ್ದರು. ಅಲ್ಲಿಂದ ಮುಂದಕ್ಕೆ ಎತ್ತಿಕೊಳ್ಳುತ್ತಿದ್ದವರು ಪಟ್ಟಣದಿಂದ ಕರೆಸಿದ್ದ ಅಡುಗೆ ಭಟ್ಟರ ಕಡೆಯ ಹುಡುಗರು. ಹಾಗೆಂದು ಯಾರೂ ಗೆರೆ ಎಳೆದಿರಲಿಲ್ಲ, ಯಾರೂ ಯಾರನ್ನೂ ತಡೆದಿರಲಿಲ್ಲ. ಊಟದ ಹೊತ್ತಿಗೆ ಮೇಲಿನ ಬೀದಿಯ ಹಿರಿಯರೊಬ್ಬರು ಬಂದು ಚಪ್ಪಲಿ ಬಿಡುವ ಮುನ್ನ ಎಲೆ ಹಾಸುತ್ತಿದ್ದ ಹುಡುಗನನ್ನು ಮೆಲ್ಲಗೆ ಕೇಳಿದರು:

"ಅಡ್ಗೆ ಯಾರ‍್ದಪ್ಪಾ?"

"ಭಟ್ರುದು ಕಣಣ್ಣೋ, ಪ್ಯಾಟೆಯಿಂದ ಕರ‍್ಸವ್ರೆ."

"ಹಂಗಾರೆ ಸರಿ ಬುಡು."

ಅವರು ಕುಳಿತರು, ಪಕ್ಕದಲ್ಲಿ ಕೇರಿಯ ಯುವಕನೊಬ್ಬ ಕುಳಿತ, ಇಬ್ಬರೂ ಚೆನ್ನಾಗಿ ಉಂಡರು. ಮರುದಿನ ಆ ಪಂಕ್ತಿಯ ಚಿತ್ರ ಊರಿನ ಎಲ್ಲರ ಮೊಬೈಲಿನಲ್ಲಿ ಇತ್ತು. ಅದು ಸುಳ್ಳು ಚಿತ್ರವಲ್ಲ, ಇಬ್ಬರೂ ಪಕ್ಕಪಕ್ಕ ಕುಳಿತದ್ದು ಸಣ್ಣ ಸಂಗತಿಯೂ ಅಲ್ಲ. ಆದರೆ ಆ ಸಹಭೋಜನ ಸಾಧ್ಯವಾದದ್ದು ಅಡುಗೆಯವರ ಜಾತಿಯಿಂದ ಎನ್ನುವುದು ಆ ಚಿತ್ರದಲ್ಲಿ ಕಾಣುತ್ತಿರಲಿಲ್ಲ.

ಇದರ ಹಿಂದೆ ಹಳೆಯ ಲೆಕ್ಕವಿದೆ. ಜಾತಿಯ ಕಟ್ಟಳೆಯಲ್ಲಿ ಜೊತೆಯಲ್ಲಿ ಕೂರುವುದಕ್ಕಿಂತ ಬಿಗಿಯಾದ ನಿಯಮ ಬೇಯಿಸಿದ್ದನ್ನು ಮತ್ತು ನೀರನ್ನು ಯಾರ ಕೈಯಿಂದ ತೆಗೆದುಕೊಳ್ಳಬಹುದು ಎಂಬುದಕ್ಕೆ ಇತ್ತು. ಕಾಯಿ, ಹಣ್ಣು, ಬೇಯಿಸದ ಕಾಳು ಯಾರ ಕೈಯಿಂದ ಬಂದರೂ ನಡೆಯುತ್ತದೆ, ಅದೇ ಕಾಳು ಬೆಂದು ಸಾರಾದ ಮೇಲೆ ನಡೆಯುವುದಿಲ್ಲ. ಹುಣಸೆಮರದ ಕೆಳಗಿನ ಹೆಂಗಸರು ಹೆಚ್ಚಬಹುದು, ಒಗ್ಗರಣೆ ಹಾಕುವಂತಿಲ್ಲ. ದಕ್ಷಿಣ ಭಾರತದ ಪಟ್ಟಣಗಳಲ್ಲಿ ಹೋಟೆಲುಗಳು ಬೆಳೆದ ಕಾಲದಲ್ಲಿ ಅವುಗಳ ಬೋರ್ಡಿನ ಮೇಲೆ 'ಬ್ರಾಹ್ಮಣರ' ಎಂದು ಬರೆಸುತ್ತಿದ್ದುದಕ್ಕೂ ಇದೇ ಕಾರಣ. ಅಡುಗೆ ಬ್ರಾಹ್ಮಣರದು ಎಂದರೆ ಎಲ್ಲ ಜಾತಿಯವರೂ ಬಂದು ಉಣ್ಣಬಹುದು ಎಂಬ ಭರವಸೆ ಅದು, ವ್ಯಾಪಾರಕ್ಕೆ ಬೇಕಾದ ಭರವಸೆ. ಮದ್ರಾಸಿನಲ್ಲಿ ಪೆರಿಯಾರ್ 1957ರಲ್ಲಿ ಹೋಟೆಲಿನ ಬೋರ್ಡಿನಿಂದ ಆ ಪದವನ್ನು ತೆಗೆಸಲು ಚಳವಳಿ ಹೂಡಿದಾಗ, ಒಂದು ಪದಕ್ಕಾಗಿ ಇಷ್ಟೊಂದು ಗದ್ದಲವೇ ಎಂದು ಕೇಳಿದವರಿದ್ದರು. ಒಳಗೆ ಎಲ್ಲರಿಗೂ ಕುರ್ಚಿ ಸಿಕ್ಕಿದ್ದರೂ ಅಡುಗೆಮನೆಯ ಶ್ರೇಷ್ಠತೆಯನ್ನು ಆ ಬೋರ್ಡು ದಿನವೂ ಸಾರುತ್ತಿತ್ತು. ಅದನ್ನು ಪೆರಿಯಾರ್ ಸರಿಯಾಗಿ ಗುರುತಿಸಿದ್ದರು.

ಸಹಭೋಜನದ ಚಳವಳಿಗೆ ನಮ್ಮ ನೆರೆಯಲ್ಲೇ ದೊಡ್ಡ ಇತಿಹಾಸವಿದೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ತಮ್ಮ ಈಳವ ಸಮುದಾಯದವರನ್ನೂ ಅವರಿಗಿಂತ ಕೆಳಗಿನವರೆಂದು ಎಣಿಸಲಾಗಿದ್ದ ಪುಲಯರನ್ನೂ ಒಟ್ಟಿಗೆ ಕೂರಿಸಿ ಮಿಶ್ರಭೋಜನ ಮಾಡಿದರು. ಅದಕ್ಕಾಗಿ ಅವರ ಸಮುದಾಯದವರೇ ಅವರನ್ನು ಪುಲಯನ್ ಅಯ್ಯಪ್ಪನ್ ಎಂದು ಹಂಗಿಸಿದರು, ಅವರು ಆ ಹೆಸರನ್ನು ಹೆಮ್ಮೆಯಿಂದಲೇ ಹೊತ್ತರು. ಅಂದು ಒಂದು ಎಲೆಯ ಪಕ್ಕ ಇನ್ನೊಂದು ಎಲೆ ಹಾಸುವುದಕ್ಕೆ ಬಹಿಷ್ಕಾರದ ಬೆಲೆ ತೆರಬೇಕಿತ್ತು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವೂ ಸಹಭೋಜನವನ್ನು ಜಾತಿ ಮುರಿಯುವ ದಾರಿಯೆಂದೇ ನಂಬಿ ಹೊರಟಿತ್ತು. ಅದೇ ಮಂಡಲದ ಸಭೆಗೆಂದು ಸಿದ್ಧಪಡಿಸಿ, ಸಭೆಯೇ ರದ್ದಾದ್ದರಿಂದ 1936ರಲ್ಲಿ ತಾವೇ ಅಚ್ಚು ಹಾಕಿಸಿದ ಭಾಷಣದಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಈ ನಂಬಿಕೆಯನ್ನು ನೇರವಾಗಿ ಪರೀಕ್ಷಿಸಿದರು. ಪರಸ್ಪರ ಕುಳಿತು ಉಣ್ಣುವ ಜಾತಿಗಳು ಎಷ್ಟೋ ಇವೆ, ಹಾಗೆ ಉಂಡದ್ದರಿಂದ ಅವುಗಳ ಜಾತಿಭಾವ ಸತ್ತಿಲ್ಲ ಎಂಬುದು ಅವರ ತೀರ್ಮಾನ. ಅಂತರ್ಜಾತಿ ವಿವಾಹ ಮತ್ತು ಜಾತಿಗೆ ಪಾವಿತ್ರ್ಯ ಕೊಟ್ಟ ಶಾಸ್ತ್ರಗಳ ಮೇಲಿನ ನಂಬಿಕೆಯ ನಾಶ ಇವೇ ನಿಜವಾದ ಮದ್ದು ಎಂದು ಅವರು ಹೇಳಿದರು.

ಅಂಬೇಡ್ಕರ್ ಅವರ ಈ ಮಾತನ್ನು ಮುಂದಿಟ್ಟು ಸಹಭೋಜನವೇ ವ್ಯರ್ಥ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ದಿನದ ಊಟಕ್ಕೆ ಎಷ್ಟು ಶಕ್ತಿಯಿದೆ, ಎಲ್ಲಿಗೆ ಅದು ನಿಲ್ಲುತ್ತದೆ ಎಂಬುದನ್ನು ಅವರು ತೋರಿಸಿದರು. ಪಂಕ್ತಿ ಒಂದು ದಿನದ್ದು. ಮನೆಯ ಒಲೆ ಮತ್ತು ಮನೆಯ ಮದುವೆ ದಿನನಿತ್ಯದ್ದು. ಮದುವೆಯಾಗಿ ಬಂದ ಸೊಸೆ ನಾಳೆ ಬೆಳಿಗ್ಗೆ ಆ ಮನೆಯ ಒಲೆ ಹಚ್ಚುತ್ತಾಳೆ ಎಂಬುದನ್ನು ನೆನೆದರೆ, ಅಂತರ್ಜಾತಿ ವಿವಾಹವೂ ಒಂದರ್ಥದಲ್ಲಿ ಅಡುಗೆಮನೆಯ ಪ್ರಶ್ನೆಯೇ ಎಂದು ಹೊಳೆಯುತ್ತದೆ.

ನಮ್ಮ ಪರಂಪರೆಯಲ್ಲಿ ಒಲೆಯ ವಿಷಯವನ್ನು ಬಲ್ಲವರು ಇರಲಿಲ್ಲವೆಂದಲ್ಲ. ಮಾದಾರ ಚೆನ್ನಯ್ಯನ ಕಥೆಯನ್ನೇ ನೋಡಿ. ಚೋಳರಾಜನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಈ ಭಕ್ತನ ಮನೆಯ ಅಂಬಲಿಯನ್ನು ಉಂಡ ಶಿವನು ಅರಸನ ಮೃಷ್ಟಾನ್ನದ ನೈವೇದ್ಯವನ್ನು ಮುಟ್ಟಲಿಲ್ಲ. ಚೆನ್ನಯ್ಯನನ್ನು ಗುಡಿಯೊಳಗೆ ಕರೆಸಿ ಪ್ರಸಾದ ಕೊಟ್ಟ ಕಥೆಯಲ್ಲ ಇದು. ದೇವರೇ ಚೆನ್ನಯ್ಯನ ಒಲೆಯ ಬಳಿಗೆ ಹೋದ ಕಥೆ. ಬಸವಣ್ಣ ತನ್ನನ್ನು ಮಾದಾರ ಚೆನ್ನಯ್ಯನ ಮನೆಯ ಮಗನೆಂದು ಕರೆದುಕೊಂಡದ್ದರ ತೂಕ ಈ ಅಂಬಲಿಯನ್ನು ನೆನೆದಾಗ ಇನ್ನಷ್ಟು ತಿಳಿಯುತ್ತದೆ. ಶರಣರ ದಾಸೋಹ ನಡೆದ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ಬೀದರ್ ನಗರದಲ್ಲಿ ಗುರುನಾನಕ್ ಝೀರಾ ಗುರುದ್ವಾರವಿದೆ, ಅಲ್ಲಿ ದಿನವೂ ಲಂಗರ್, ಅಂದರೆ ಸಿಖ್ಖರ ಸಾಮೂಹಿಕ ಊಟ, ನಡೆಯುತ್ತದೆ. 1699ರಲ್ಲಿ ಗುರು ಗೋವಿಂದಸಿಂಗರು ಸಿಖ್ಖರ ಖಾಲ್ಸಾ ಪಂಥವನ್ನು ಕಟ್ಟಿದಾಗ ತಲೆಕೊಡಲು ಮುಂದೆ ಬಂದ ಐವರಲ್ಲಿ ಬೀದರಿನ ಕ್ಷೌರಿಕ ಸಮುದಾಯದ ಭಾಯಿ ಸಾಹಿಬ್ ಸಿಂಗ್ ಕೂಡ ಒಬ್ಬರು. ಲಂಗರ್‌ನಲ್ಲಿ ಬಂದವರೇ ರೊಟ್ಟಿ ಲಟ್ಟಿಸುತ್ತಾರೆ, ಬಂದವರೇ ಬೇಳೆ ತಿರುವುತ್ತಾರೆ, ಉಂಡವರೇ ತಟ್ಟೆ ತೊಳೆಯುತ್ತಾರೆ, ಯಾರ ಕೈ ಯಾವ ಪಾತ್ರೆಗೆ ಹೋಯಿತು ಎಂದು ಕೇಳುವ ಪದ್ಧತಿ ಇಲ್ಲ. ದಾಸೋಹ ಮತ್ತು ಲಂಗರ್ ಎರಡನ್ನೂ ಒಂದೇ ಜಿಲ್ಲೆಯಲ್ಲಿ ಇಟ್ಟುಕೊಂಡಿರುವ ನಾಡು, ಸಹಭೋಜನಕ್ಕೆ ಮಾದರಿಯನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ.

ಇಂದಿನ ಅತಿ ದೊಡ್ಡ ಸಹಪಂಕ್ತಿ ಯಾವ ಮೇಳದಲ್ಲೂ ನಡೆಯುತ್ತಿಲ್ಲ. ಅದು ಮಧ್ಯಾಹ್ನದ ಗಂಟೆ ಹೊಡೆದಾಗ ಸರ್ಕಾರಿ ಶಾಲೆಯ ಜಗುಲಿಯ ಮೇಲೆ ನಡೆಯುತ್ತದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕೆಂದು ಆದೇಶಿಸಿತು, ಕರ್ನಾಟಕದಲ್ಲಿ 2002ರಿಂದ ಅಕ್ಷರ ದಾಸೋಹ ಹಂತಹಂತವಾಗಿ ಬಂತು. ಯೋಜನೆಯ ಹೆಸರಿನಲ್ಲೇ ಶರಣರ ದಾಸೋಹವಿದೆ. 2004ರ ಏಪ್ರಿಲಿನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಸೇರಿಸಿತು: ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಇರಬೇಕು. ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿದರೆ ಸಾಲದು, ಸೌಟು ಯಾರ ಕೈಯಲ್ಲಿದೆ ಎಂಬುದೂ ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿಗೆ ಸಂಬಂಧಿಸಿದ್ದೇ ಎಂಬ ತಿಳಿವಳಿಕೆ ಈ ಒಂದು ಸಾಲಿನಲ್ಲಿದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಸಾರ್ವಜನಿಕ ಊಟ ನಮ್ಮಲ್ಲಿ ಬೇರೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಪ್ರತಿರೋಧ ಬಂದದ್ದೂ ಅಲ್ಲಿಯೇ. ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಶಾಲೆಗಳಲ್ಲಿ ಮಕ್ಕಳು ಊಟ ಬಿಟ್ಟ, ಪೋಷಕರು ವರ್ಗಾವಣೆ ಪತ್ರ ಕೇಳಿದ ಸುದ್ದಿಗಳು ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಮತ್ತೆ ಮತ್ತೆ ಬಂದಿವೆ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಶಾಲೆ ಇದೇ ಆರೋಪದಿಂದ ಸುದ್ದಿಯಾಗಿ ಅಧಿಕಾರಿಗಳು ಅಲ್ಲಿಗೆ ಧಾವಿಸಬೇಕಾಯಿತು. ಇಂಥ ಕಡೆಗಳಲ್ಲಿ ಅಧಿಕಾರಿಗಳು ಮಕ್ಕಳ ಜೊತೆ ಕುಳಿತು ಉಂಡು ತೋರಿಸುತ್ತಾರೆ, ಸಭೆ ನಡೆಸುತ್ತಾರೆ, ಪ್ರಕರಣ ಅಲ್ಲಿಗೆ ತಣ್ಣಗಾಗುತ್ತದೆ. ಅಧಿಕಾರಿ ಒಂದು ದಿನ ಉಂಡು ಹೋದ ಮೇಲೆ ಆ ಅಡುಗೆಯಮ್ಮ ಮರುದಿನ ಬೆಳಿಗ್ಗೆ ಅದೇ ಊರಿನ ನೀರು ಹಿಡಿಯುವ ಜಾಗದಲ್ಲಿ ಅದೇ ಜನರ ಮುಖ ನೋಡಬೇಕು. ತಿಂಗಳಿಗೆ ಕೆಲವೇ ಸಾವಿರ ರೂಪಾಯಿ ಅವರಿಗೆ ಸಿಗುವುದು, ಅದಕ್ಕೂ ಸಂಬಳವೆಂಬ ಹೆಸರಿಲ್ಲ, ಗೌರವಧನ ಎನ್ನುತ್ತಾರೆ. ಗೌರವ ಎಂಬ ಪದ ಧನದ ಪಕ್ಕದಲ್ಲಷ್ಟೇ ಉಳಿದರೆ ಸಾಲದು ಎಂದು ಅವರ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತು ಕೇಳಿವೆ.

ಮೊಟ್ಟೆಯ ವಿವಾದ ಇದೇ ಜಗುಲಿಯ ಇನ್ನೊಂದು ಅಧ್ಯಾಯ. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲೆಯಲ್ಲಿ ಮೊಟ್ಟೆ ಕೊಡಲು ಸರ್ಕಾರ ಮುಂದಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಮೊಟ್ಟೆ ನಮಗೆ ಬೇಕು, ಬೇಡವೆನ್ನಲು ನೀವು ಯಾರು ಎಂದು ಎಲ್ಲರೆದುರು ಕೇಳಿದ್ದು ರಾಜ್ಯವೆಲ್ಲ ಹರಡಿತು. ಮೊಟ್ಟೆ ಬೇಡದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ವ್ಯವಸ್ಥೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 3 ವರ್ಷಗಳಿಗೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿದ ಮೇಲೆ ವಾರಕ್ಕೆ 2 ಇದ್ದ ಮೊಟ್ಟೆ 6ಕ್ಕೆ ಏರಿತು. ಅದೇ ವರ್ಷದ ಕೊನೆಗೆ ಸಾಹಿತ್ಯ ಸಮ್ಮೇಳನದ ಊಟದ ಬಗ್ಗೆ ಜಗಳ ಎದ್ದಿತು ಎನ್ನುವುದನ್ನು ಇಲ್ಲಿ ನೆನೆಯಬೇಕು. ಶಾಲೆಯ ಜಗುಲಿಯಲ್ಲಿ ಎರಡೂ ಬಗೆಯ ಮಕ್ಕಳು ಪಕ್ಕಪಕ್ಕ ಕುಳಿತು, ಒಬ್ಬರು ಮೊಟ್ಟೆ, ಇನ್ನೊಬ್ಬರು ಬಾಳೆಹಣ್ಣು ತಿಂದು ಆಟಕ್ಕೆ ಓಡುತ್ತಾರೆ. ಮಕ್ಕಳಿಗೆ ಸಾಧ್ಯವಾದದ್ದು ದೊಡ್ಡವರ ಸಮ್ಮೇಳನಕ್ಕೆ ಅಸಾಧ್ಯವೆಂದು ನಂಬುವುದು ನನಗೆ ಕಷ್ಟ.

ಇನ್ನು ಪರಂಪರೆಯ ಹೆಸರಿನ ಮೇಳಗಳ ವಿಷಯ. ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗು ಇವುಗಳನ್ನು ಹಿಂದೆ ತೃಣಧಾನ್ಯ, ಕಿರುಧಾನ್ಯ ಎನ್ನುತ್ತಿದ್ದರು. ಹುಲ್ಲಿನಂಥ ಧಾನ್ಯ ಎಂದರೆ ತಿನ್ನುವವರೂ ಹುಲ್ಲಿಗೆ ಸಮ ಎಂಬ ಭಾವ ಆ ಹೆಸರಿನಲ್ಲಿ ಅಡಗಿತ್ತು. ಸಿರಿಧಾನ್ಯ ಎಂಬ ಹೊಸ ಹೆಸರು ಬಂದು, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿ, ಬೆಂಗಳೂರಿನ ಮೇಳಗಳಲ್ಲಿ ಸಾಮೆಯ ಬಿಸಿಬೇಳೆಬಾತಿಗೆ ಸಾಲು ನಿಲ್ಲುವಂತಾಯಿತು. ಹೆಸರು ಬದಲಾದದ್ದು ಒಳ್ಳೆಯದೇ. ಈ ಜಗಳ ಕನ್ನಡಕ್ಕೆ ಹೊಸದೂ ಅಲ್ಲ: 16ನೇ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತವನ್ನೂ ರಾಗಿಯನ್ನೂ ರಾಮನ ಸಭೆಯಲ್ಲಿ ವಾದಕ್ಕಿಳಿಸಿದರು. ಉಳ್ಳವರ ಧಾನ್ಯವಾದ ಭತ್ತ ರಾಗಿಯನ್ನು ಹೀಗಳೆಯುತ್ತದೆ, ಬರಗಾಲದಲ್ಲಿ ಬಡವರನ್ನು ಕಾಯುವವನು ನಾನು ಎಂದು ರಾಗಿ ತಿರುಗಿ ನಿಲ್ಲುತ್ತದೆ, ಎರಡನ್ನೂ 6 ತಿಂಗಳು ಸೆರೆಯಲ್ಲಿಟ್ಟಾಗ ಭತ್ತ ಸೊರಗಿ ರಾಗಿ ಗಟ್ಟಿಯಾಗಿ ಉಳಿಯುತ್ತದೆ, ರಾಮ ಅದಕ್ಕೆ ತನ್ನ ಹೆಸರನ್ನೇ ಕೊಡುತ್ತಾನೆ. ಕನಕದಾಸರು ಧಾನ್ಯದ ಮಾತನಾಡುತ್ತಲೇ ಅದನ್ನು ಉಣ್ಣುವವರ ಕುಲದ ಮಾತನಾಡಿದರು. ಇಂದಿನ ಮೇಳಗಳಲ್ಲಿ ಧಾನ್ಯಕ್ಕೆ ರಾಮನ ಪಟ್ಟ ಸಿಕ್ಕಿದೆ, ಅದನ್ನು ತಲೆತಲಾಂತರದಿಂದ ಬಿತ್ತಿ, ಕುಟ್ಟಿ, ಉಂಡು ಉಳಿಸಿಕೊಂಡ ಬಯಲುಸೀಮೆಯ ಬಡ ಹೆಂಗಸರು ಮಾತ್ರ ಚೀಲ ಹೊತ್ತು ತಂದಿಟ್ಟು ಹಿಂದೆ ಸರಿಯುತ್ತಾರೆ. ಮಳಿಗೆಯ ಮುಂದೆ ನಿಂತು ಅದರ ಗುಣಗಳನ್ನು ವಿವರಿಸುವವರು, ಪಾಕೆಟ್ಟಿನ ಮೇಲೆ ಹೆಸರು ಹಾಕಿಸಿಕೊಂಡವರು ಬೇರೆಯವರು.

ಕರಾವಳಿಯ 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಇದಕ್ಕಿಂತ ಆಪ್ತವಾದದ್ದು, ಹಾಗೆಯೇ ಹೆಚ್ಚು ನೋಯಿಸುವಂಥದ್ದು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳುವರ ಆಟಿ ತಿಂಗಳು ಜಡಿಮಳೆಯ, ಕೆಲಸವಿಲ್ಲದ, ಕಣಜ ಬರಿದಾದ ತಿಂಗಳು. ಆಗ ಬೇಲಿಯ ಸೊಪ್ಪು, ಕೆಸುವಿನೆಲೆ, ಕಣಿಲೆ (ಎಳೆ ಬಿದಿರು), ಹಲಸಿನ ಬೀಜ ಇವೇ ಹೊಟ್ಟೆ ತುಂಬಿಸುತ್ತಿದ್ದವು, ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಿದ್ದರು. ಇಂದು ಮಂಗಳೂರಿನ ಸಭಾಂಗಣಗಳಲ್ಲಿ, ಮುಂಬೈಯ ತುಳುವರ ಸಂಘಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಈ ಅಡುಗೆಗಳನ್ನು ಸಂಭ್ರಮದಿಂದ ಬಡಿಸುತ್ತಾರೆ. ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಕಣಿಲೆ ಪಲ್ಯ ಸಾಲಾಗಿ ಬರುತ್ತವೆ, ಅಜ್ಜಿಯ ಕೈರುಚಿಯನ್ನು ಮೊಮ್ಮಕ್ಕಳು ಮೊದಲ ಬಾರಿ ಸವಿಯುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಹಸಿವನ್ನು ದಾಟಿ ಬಂದವರು ಹಸಿವಿನ ದಿನಗಳನ್ನು ನೆನೆಯುವುದು ಮನುಷ್ಯ ಸಹಜ. ಆದರೆ ಅದೇ ನೆಲದಲ್ಲಿ ಆದಿವಾಸಿ ಸಮುದಾಯದವರಾದ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನವನ್ನು ಉಣ್ಣಿಸುವ ಪದ್ಧತಿ ಇತ್ತು. ಮೇಲಿನವರ ಮನೆಯ ಪೀಡೆಯನ್ನು ಕೊರಗರ ಹೊಟ್ಟೆಗೆ ದಾಟಿಸುವ ನಂಬಿಕೆಯದು. ಅಜಲು ಎಂಬ ಈ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅದು ನೂರಾರು ವರ್ಷ ಹಿಂದಿನ ಮಾತಲ್ಲ, ಅದನ್ನು ಉಂಡವರು ಇಂದೂ ಇದ್ದಾರೆ. ಆಟಿಯ ನೆನಪಿನ ಊಟದಲ್ಲಿ ಆ ಅನ್ನದ ನೆನಪೂ ಒಂದು ಮಾತಾಗಿ ಬಂದರೆ, ಕೊರಗರ ಹಿರಿಯರೊಬ್ಬರು ತಮ್ಮ ಮಳೆಗಾಲದ ಆಹಾರದ ಬಗ್ಗೆ ಹೇಳುವಂತಾದರೆ, ಪರಂಪರೆ ಎಂಬ ಮಾತಿಗೆ ಅರ್ಥ ಬಂದೀತು.

ಈ ಬಗೆಯ ಮೇಳಗಳಲ್ಲಿ ನನಗೆ ಹೆಚ್ಚು ಭರವಸೆ ತರುವುದು ಉತ್ತರ ಕನ್ನಡದ ಜೋಯಿಡಾದ ಗೆಡ್ಡೆಗೆಣಸು ಮೇಳ. ಅಲ್ಲಿ ಕುಣಬಿ ಸಮುದಾಯದ ಹೆಂಗಸರು ತಾವೇ ಅಗೆದು ತಂದ ಗೆಡ್ಡೆಗಳನ್ನು, ಮಣ್ಣು ಇನ್ನೂ ಅಂಟಿಕೊಂಡಂತೆಯೇ, ನೆಲದ ಮೇಲೆ ಸಾಲಾಗಿ ಜೋಡಿಸಿ ಕೂರುತ್ತಾರೆ. ಮಗುವಿನ ತೊಡೆಯಷ್ಟು ದಪ್ಪದ ಮುಡ್ಲಿ, ಬೇರಿನಂತೆ ಕವಲೊಡೆದ ಬಗೆಬಗೆಯ ಗೆಣಸು ಅಲ್ಲಿರುತ್ತವೆ. ಯಾವುದು ಸುಟ್ಟರೆ ರುಚಿ, ಯಾವುದು ಬೇಯಿಸಿದರೆ ಗಂಟಲು ಕೆರೆಯುವುದಿಲ್ಲ ಎಂದು ಕೇಳಿದವರಿಗೆ ಅವರೇ ಹೇಳುತ್ತಾರೆ. ಬೆಳೆದವರು, ಅಟ್ಟವರು, ಮಾರುವವರು, ವಿವರಿಸುವವರು ಎಲ್ಲ ಒಬ್ಬರೇ. ಕಾಳಿ ನದಿಯ ಅಣೆಕಟ್ಟು, ಹುಲಿ ಮೀಸಲು ಅರಣ್ಯ ಎರಡರ ಬಿಸಿಯನ್ನೂ ಉಂಡ ತಾಲ್ಲೂಕು ಅದು. ಗೋವೆಯಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಗಡಿಯ ಈಚೆಗಿರುವ ಅವರ ನೆಂಟರು ಅದೇ ಮಾನ್ಯತೆಗಾಗಿ ವರ್ಷಗಳಿಂದ ಹೋರಾಡುತ್ತಿದ್ದಾರೆ. ಹಾಗಾಗಿ ಆ ಗೆಡ್ಡೆಗಳ ರಾಶಿ ಕೇವಲ ಪ್ರದರ್ಶನವಲ್ಲ. ಈ ಕಾಡಿನಲ್ಲಿ ನಾವು ಎಷ್ಟು ಕಾಲದಿಂದ ಇದ್ದೇವೆ, ಇದನ್ನು ಕೆಡಿಸದೆ ಹೇಗೆ ಉಂಡಿದ್ದೇವೆ ಎಂಬುದಕ್ಕೆ ಅದು ಸಾಕ್ಷಿ.

ಪರಂಪರೆಯ ಪಟ್ಟಿಗೆ ಸೇರದ ಅಡುಗೆಗಳ ಮಾತನ್ನೂ ಇಲ್ಲಿ ಆಡಲೇಬೇಕು. ದಲಿತ ಕೇರಿಗಳ, ಮುಸ್ಲಿಮರ, ಕ್ರೈಸ್ತರ ಮನೆಗಳ ಎಷ್ಟೋ ಅಡುಗೆಗಳು ದನದ ಮಾಂಸದವು, ಒಳಾಂಗಗಳವು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 2012ರ ಏಪ್ರಿಲಿನಲ್ಲಿ ದಲಿತ ವಿದ್ಯಾರ್ಥಿಗಳು ದನದ ಮಾಂಸದ ಊಟದ ಉತ್ಸವ ಮಾಡಿದಾಗ ಅದು ಹೊಡೆದಾಟದಲ್ಲಿ ಮುಗಿಯಿತು. ಹಾಸ್ಟೆಲಿನ ಊಟದಲ್ಲಿ ನಮ್ಮ ಮನೆಯ ಅಡುಗೆಗೆ ಜಾಗವಿಲ್ಲದಿದ್ದರೆ ಈ ವಿದ್ಯಾಸಂಸ್ಥೆ ನಮ್ಮದು ಹೇಗಾಗುತ್ತದೆ ಎಂಬುದು ಅವರ ಪ್ರಶ್ನೆಯ ತಿರುಳು. ಕರ್ನಾಟಕದಲ್ಲಿ 2021ರಿಂದ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆಯಡಿ 13 ವರ್ಷ ಮೀರಿದ ಎಮ್ಮೆ ಕೋಣಗಳ ಹೊರತು ಉಳಿದ ಜಾನುವಾರುಗಳ ವಧೆ ಅಪರಾಧ. ಕಾಯ್ದೆಯ ಪರ ವಿರೋಧ ಏನೇ ಇರಲಿ, ಒಂದು ಸಮುದಾಯದ ಅಡುಗೆಯ ನೆನಪನ್ನು ಹೇಳಿಕೊಳ್ಳಲೂ ಹೆದರಬೇಕಾದ ಸ್ಥಿತಿ ಬಂದಿದೆ. ಆಹಾರ ಪರಂಪರೆಯ ಉತ್ಸವಗಳು ಆ ಮೌನವನ್ನು ಹಾಗೇ ದಾಟಿಹೋಗುತ್ತಿವೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ರೂಢಿ ರಾಜಕಾರಣದಲ್ಲಿದೆ. ದಲಿತರ ಮನೆಯಲ್ಲಿ ನಾಯಕರ ಊಟ. 2017ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ನಾಯಕರೊಬ್ಬರು ದಲಿತ ಕುಟುಂಬದ ಮನೆಯಲ್ಲಿ ಉಪಾಹಾರ ಮಾಡಿದಾಗ, ಇಡ್ಲಿ ಹೋಟೆಲಿನಿಂದ ಬಂದಿತ್ತು ಎಂಬ ಆರೋಪ ದೊಡ್ಡದಾಗಿ ಎದ್ದಿತು. ಆ ಆರೋಪ ಜನರಿಗೆ ಅಷ್ಟು ನಾಟಿದ್ದು ಏಕೆಂದರೆ, ಮನೆಯೊಳಗೆ ಕುಳಿತರೂ ಆ ಮನೆಯ ಒಲೆಯನ್ನು ಬಿಟ್ಟು ಉಂಡರೆ ಅದು ಬಂದಂತೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಳ್ಳಿಯ ಹಿರಿಯರು ಚಪ್ಪಲಿ ಬಿಡುವ ಮುನ್ನ ಕೇಳಿದ್ದೂ ಇದೇ ಪ್ರಶ್ನೆಯನ್ನು.

ಹಾಗಾದರೆ ಇಂಥ ಕಾರ್ಯಕ್ರಮ ನಡೆಸುವವರು ಮಾಡಬಹುದಾದದ್ದು ದೊಡ್ಡ ಸಂಗತಿಯೇನಲ್ಲ, ಆದರೆ ಕಷ್ಟದ ಸಂಗತಿ. ಕರೆಯೋಲೆಯಲ್ಲಿ ಅತಿಥಿಗಳ ಹೆಸರಿನ ಜೊತೆಗೆ ಅಡುಗೆಯವರ ಹೆಸರನ್ನೂ ಹಾಕಬಹುದು. ಸಾಹಿತ್ಯ ಸಮ್ಮೇಳನದಂಥ ಕಡೆ ಆತಿಥೇಯ ಜಿಲ್ಲೆಯ ಎಲ್ಲ ಬಗೆಯ ಮನೆಗಳ ಅಡುಗೆಗೂ ಬೇರೆ ಬೇರೆ ಕೌಂಟರಿನಲ್ಲಿ ಜಾಗ ಮಾಡಿ, ಬೇಕಾದವರು ಬೇಕಾದ್ದನ್ನು ಉಣ್ಣಲಿ ಎಂದು ಬಿಡಬಹುದು, ಮಂಡ್ಯದ ಒತ್ತಾಯವೂ ಅಷ್ಟೇ ಇತ್ತು. ಮೇಳದ ಮಳಿಗೆಯ ಬಾಡಿಗೆಯನ್ನು ಬೆಳೆದವರಿಗೆ ಮನ್ನಾ ಮಾಡಬಹುದು. ಸಹಭೋಜನದ ಅಡುಗೆಯ ಗುತ್ತಿಗೆಯನ್ನು ಅದೇ ಊರಿನ ಕೇರಿಯ ಸ್ತ್ರೀಶಕ್ತಿ ಸಂಘಕ್ಕೆ, ಪೇಟೆಯ ಭಟ್ಟರಿಗೆ ಕೊಡುತ್ತಿದ್ದಷ್ಟೇ ದುಡ್ಡಿಗೆ, ಕೊಡಬಹುದು. ಕೊಟ್ಟರೆ ಉಣ್ಣುವವರು ಕಡಿಮೆಯಾಗುತ್ತಾರೆ ಎಂಬ ಭಯ ಸಂಘಟಕರಿಗೆ ಇರುತ್ತದೆ, ಅದು ಸುಳ್ಳು ಭಯವೂ ಅಲ್ಲ.

ನಾನು ಹೇಳಿದ ಹಳ್ಳಿಯಲ್ಲಿ ಮರುವರ್ಷ ಯುವಕರು ಹಾಗೆಯೇ ಮಾಡಿದರು. ಹುಣಸೆಮರದ ಕೆಳಗೆ ಈರುಳ್ಳಿ ಸುಲಿಯುತ್ತಿದ್ದ ಹೆಂಗಸರೇ ಈ ಸಲ ಒಲೆಯ ಮುಂದೆ ನಿಂತರು. ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಅನ್ನ, ಮಜ್ಜಿಗೆ. ಹಿಂದಿನ ವರ್ಷ 400 ಎಲೆ ಎದ್ದಿದ್ದ ಜಾಗದಲ್ಲಿ ಆ ದಿನ 250 ಎಲೆಯೂ ಏಳಲಿಲ್ಲ. ಮೇಲಿನ ಬೀದಿಯಿಂದ ಬಂದವರು ಹುಡುಗರೇ, ಅವರಲ್ಲಿ ಕೆಲವರು ಮನೆಯಲ್ಲಿ ಹೇಳದೆ ಬಂದಿದ್ದರು, ಎರಡೆರಡು ಮುದ್ದೆ ಹಾಕಿಸಿಕೊಂಡರು. ಆ ಹಿರಿಯರು ಊಟ ಮುಗಿಯುವ ಹೊತ್ತಿಗೆ ಬಂದು ಮರದ ನೆರಳಿನಲ್ಲಿ ನಿಂತರು. ಯಾರೂ ಅವರನ್ನು ಕೂರಿ ಎಂದು ಬಲವಂತ ಮಾಡಲಿಲ್ಲ. ಅಡುಗೆ ಮಾಡಿದ್ದ ಹೆಂಗಸೊಬ್ಬರು ಸೆರಗಿನಲ್ಲಿ ಕೈ ಒರೆಸಿಕೊಂಡು, "ಬಿಸ್ಲಲ್ ಬಂದಿದೀರಿ, ಮಜ್ಜಿಗೆನಾರಾ ಕುಡೀರಣ್ಣೋ" ಎಂದು ಲೋಟ ಮುಂದೆ ಹಿಡಿದರು. ಅವರು ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು, ತೆಗೆದುಕೊಂಡು ಕುಡಿದರು, ನಲ್ಲಿಯ ಬಳಿ ಹೋಗಿ ಅದನ್ನು ತಾವೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿ ಮನೆಯ ಕಡೆ ನಡೆದರು.